ಬಾಯಾರಿಕೆಮುಕ್ತ ಶಾಲೆ

ಜಂಬಯ್ಯನಹಳ್ಳಿಯ ಸರ್ಕಾರಿ ಪ್ರೌಢಶಾಲೆ ಮರುಭೂಮಿಯಲ್ಲಿದೆ. ಎರಡು ಸಾವಿರದ ಆರನೇ ಇಸವಿಯ ಜೂನ್ ತಿಂಗಳವರೆಗೆ ಈ ವಿಷಯ ಯಾರ ಗಮನಕ್ಕೂ ಬಂದಿರಲಿಲ್ಲ.

ಹಳ್ಳಿ ಇರುವುದು ಹೊಸಪೇಟೆಯಿಂದ ಸಂಡೂರಿನ ಗುಡ್ಡಗಳ ಕಡೆ ಹೋಗುವ ಅದಿರು ರಸ್ತೆಯ ಮೇಲೆ. ಆಗ ಚೀನಾದವರು ಒಲಿಂಪಿಕ್ಸ್‌ಗೆ ಕ್ರೀಡಾಂಗಣ ಕಟ್ಟುತ್ತಿದ್ದರು. ಅದಕ್ಕೆ ಇಲ್ಲಿಂದ ಹೋಗುವ ಕಬ್ಬಿಣದ ಅದಿರಿನ ಕೆಂಪು ಪುಡಿ ಇಲ್ಲಿಯ ಇಡ್ಲಿಯ ಮೇಲೆ ಬೀಳುತ್ತಿತ್ತು. ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಮೆಣಸಿನಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಅದಿರು ರಾಶಿ ಹಾಕಿಸಿಕೊಂಡು ಬಾಡಿಗೆ ತೆಗೆದುಕೊಳ್ಳುವುದಕ್ಕೆ ಒಕ್ಕಲುತನಕ್ಕಿಂತ ಕಡಿಮೆ ಬೆವರು ಸಾಕಾಗುತ್ತಿತ್ತು. ಶಾಲೆಯ ಗೋಡೆ ಹಳದಿ ಎಂದು ಇಲಾಖೆಯ ಕಡತದಲ್ಲಿದೆ. ಕಡತವನ್ನು ಬೀರುವಿನೊಳಗೆ ಇಟ್ಟಿದ್ದರಿಂದ ಅದರ ಬಣ್ಣ ಬದಲಾಗಿಲ್ಲ.

ಈ ಶಾಲೆಯಲ್ಲಿ ಇದ್ದ ಒಂದೇ ಆಸ್ತಿ ಎಂದರೆ ಬೋರ್‌ವೆಲ್. ಊರಿನ ಉಳಿದ ಬೋರುಗಳು ಒಂದೊಂದಾಗಿ ಗಾಳಿ ಉಗುಳತೊಡಗಿದ್ದರೂ ಇದು ಸಿಹಿ ನೀರು ಕೊಡುತ್ತಿತ್ತು. ಒಂಬತ್ತನೇ ತರಗತಿಯ ಭವ್ಯ ಎಂಬ ಹುಡುಗಿ ಸಂಜೆ ಮನೆಗೆ ಹೋಗುವಾಗ ಇಲ್ಲಿಂದಲೇ ಕ್ಯಾನು ತುಂಬಿಕೊಳ್ಳುತ್ತಿದ್ದಳು. ಅವಳ ತಾಯಿ ಬಸಕ್ಕ ಅದಿರು ಜರಡಿ ಹಿಡಿಯುವ ಕೂಲಿಗೆ ಹೋಗಿ ಬಂದ ಮೇಲೆ ಮುಖ ತೊಳೆದುಕೊಳ್ಳಲು ಅವರ ಓಣಿಯಲ್ಲಿ ಬೇರೆ ನೀರು ಇರಲಿಲ್ಲ. ಮುಖ ತೊಳೆದ ಮೇಲೆಯೇ ಆಕೆ ಬಸಕ್ಕ ಹೌದೋ ಅಲ್ಲವೋ ಎಂದು ಗೊತ್ತಾಗುತ್ತಿತ್ತು.

ಹೀಗಿರುವಾಗ ಒಂದು ಗಣಿ ಕಂಪನಿಗೆ ಸಮಾಜದ ಮೇಲೆ ಪ್ರೀತಿ ಹುಟ್ಟಿತು. ಕಂಪನಿಯ ಹೆಸರು ಇಲ್ಲಿ ಹೇಳುವ ಅಗತ್ಯವಿಲ್ಲ. ಶಾಲೆಯ ಕಾಂಪೌಂಡು, ಗೋಡೆ ಗಡಿಯಾರ ಮತ್ತು ಊಟದ ತಟ್ಟೆಗಳ ಮೇಲೆ ಅದು ಇದೆ. ಮಕ್ಕಳು ದಿನಾಲೂ ಅನ್ನ ಸರಿಸಿ ಓದುತ್ತಾರೆ. ಈ ಪ್ರೀತಿ ಲೆಕ್ಕಪತ್ರದ ವರ್ಷ ಮುಗಿಯುವುದರೊಳಗೆ ಖರ್ಚಾಗಬೇಕಿತ್ತು. ಆದ್ದರಿಂದ ಕಂಪನಿಯ ಸಮುದಾಯ ಸಂಪರ್ಕಾಧಿಕಾರಿ ಸಿದ್ದಲಿಂಗೇಶ್ ಜೀಪಿನಲ್ಲಿ ಬಂದು ‘ಪ್ರಕೃತಿಯೇ ಗುರು’ ಎಂಬ ಯೋಜನೆಯನ್ನು ಮುಖ್ಯೋಪಾಧ್ಯಾಯ ಮರುಳಸಿದ್ದಪ್ಪನವರ ಮೇಜಿನ ಮೇಲಿಟ್ಟರು.

ಯೋಜನೆ ಒಳ್ಳೆಯದೇ. ಗಿಡ, ಹುಳು, ಹಕ್ಕಿಗಳು ತಮ್ಮ ತೊಂದರೆಗಳನ್ನು ಯಾವ ಉಪಾಯದಿಂದ ನಿವಾರಿಸಿಕೊಂಡಿವೆ ಎಂದು ಮಕ್ಕಳು ನೋಡಬೇಕು. ಅದೇ ಉಪಾಯದಿಂದ ಮನುಷ್ಯರಿಗೆ ಬೇಕಾದದ್ದನ್ನು ಕಟ್ಟಬೇಕು. ಇದಕ್ಕೆ ಬಯೋಮಿಮಿಕ್ರಿ, ಕನ್ನಡದಲ್ಲಿ ಜೀವಾನುಕರಣೆ, ಎಂದು ಹೆಸರು. ಕಂಪನಿ ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಒಂದೇ ಅಧ್ಯಾಯವಿತ್ತು: ‘ಮರುಭೂಮಿ ಸಸ್ಯಗಳ ವಿನ್ಯಾಸ’.

“ಸರ, ನಮ್ಮದು ಮರುಭೂಮಿ ಅಲ್ಲಲ್ರಿ,” ಎಂದರು ಮರುಳಸಿದ್ದಪ್ಪ. ನಿವೃತ್ತಿ ಹತ್ತಿರವಿದ್ದ ಅವರು ಯಾವ ಕಾಗದಕ್ಕೂ ಮೊದಲು ಹೆದರಿ ಆಮೇಲೆ ಸಹಿ ಮಾಡುತ್ತಿದ್ದರು.

“ಉಳಿದ ಪಾಠ ಇನ್ನೂ ಕನ್ನಡಕ್ಕ ಬಂದಿಲ್ರಿ. ಸಮುದ್ರ ಒಂದು ಐತಿ, ಅದು ಬರೇ ಇಂಗ್ಲಿಷ್‌ನಾಗ ಐತಿ.”

“ಹಂಗಾದ್ರ ನಮ್ಮ ಶಾಲಿಗೆ ಬರಂಗಿಲ್ಲೇನ್ರಿ?”

ಸಿದ್ದಲಿಂಗೇಶ್ ಕಿಟಕಿ ತೋರಿಸಿದರು. “ಹೊರಗ ನೋಡ್ರಿ. ಹಸುರು ಎಲ್ಲ್ಯಾರ ಕಾಣ್ತತೇನ್ರಿ?”

“ಬೇವಿನ ಗಿಡ ಐತಲ್ರಿ.”

“ಏನ್ ಬಣ್ಣ ಐತಿ?”

ಮರುಳಸಿದ್ದಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಕೆಂಪು.”

“ಮತ್ತ?”

ಮರುಳಸಿದ್ದಪ್ಪ ಮೇಜಿನ ಖಾನೆ ಎಳೆದರು. ಶಾಲೆಯು ಶಾಶ್ವತ ಜಲಮೂಲವಿಲ್ಲದ ಮರುಭೂಮಿ ಪ್ರದೇಶದಲ್ಲಿದೆ ಎಂಬ ದೃಢೀಕರಣಕ್ಕೆ ಮೊಹರು ಬಿತ್ತು. ರಾಜಸ್ಥಾನಕ್ಕೆ ಈ ಸ್ಥಾನ ದೊರೆಯಲು ಲಕ್ಷಾಂತರ ವರ್ಷ ಹಿಡಿದಿತ್ತು.

ಮುಂದಿನ ವಾರ ಗುರು ಬಂದರು. ಶಾಲೆಯ ಬೇಲಿಯ ತುಂಬ ಪಾಪಾಸುಕಳ್ಳಿ ಬೆಳೆದಿತ್ತು. ಆದರೆ ಅದಕ್ಕೆ ರಸೀದಿ ಇರಲಿಲ್ಲ. ಆದ್ದರಿಂದ ಬೆಂಗಳೂರಿನ ನರ್ಸರಿಯಿಂದ ಕಂಬದಂಥ ಒಂದು ಕಳ್ಳಿಯನ್ನು ಕುಂಡದ ಸಮೇತ ತರಿಸಲಾಯಿತು. ದಾರಿಯಲ್ಲಿ ಅದಕ್ಕೆ ಬಿಸಿಲು ತಾಗದಂತೆ ಒದ್ದೆ ಗೋಣಿಚೀಲ ಸುತ್ತಲಾಗಿತ್ತು.

ವಿಜ್ಞಾನ ಶಿಕ್ಷಕಿ ತ್ರಿವೇಣಿ ಸಸ್ಯಶಾಸ್ತ್ರ ಓದಿದವರು, ವಯಸ್ಸೂ ಚಿಕ್ಕದು. ಈ ಎರಡು ಕಾರಣಗಳಿಂದ ಅವರು ಯೋಜನೆಯನ್ನು ನಿಜವೆಂದು ನಂಬಿ ಪಾಠ ಮಾಡಿದರು. ಕಳ್ಳಿಯ ಮೈಮೇಲಿನ ಏಣುಗಳು, ಅಂದರೆ ಉದ್ದನೆಯ ಉಬ್ಬುಗಳು, ಒಂದರ ನೆರಳು ಇನ್ನೊಂದರ ಮೇಲೆ ಬೀಳುವಂತೆ ಇವೆ ಎಂದರು. ಮುಳ್ಳುಗಳು ನೀರಿಗಾಗಿ ಬಾಯಿ ಹಾಕುವ ಪ್ರಾಣಿಗಳನ್ನು ದೂರ ಇಡುತ್ತವೆ ಎಂದರು. ಬೇರು ಆಳಕ್ಕೆ ಹೋಗದೆ ನೆಲದ ಮೇಲ್ಪದರದಲ್ಲೇ ಅಗಲವಾಗಿ ಹರಡಿಕೊಂಡಿರುತ್ತದೆ, ಎಂದೋ ಒಮ್ಮೆ ಮಳೆ ಬಿದ್ದಾಗ ಆವಿಯಾಗುವುದರೊಳಗೆ ಅಷ್ಟನ್ನೂ ಹೀರಿಕೊಳ್ಳುತ್ತದೆ ಎಂದರು.

ಭವ್ಯ ಎದ್ದು ನಿಂತಳು. “ಟೀಚರ್, ಅಂದ್ರ ಕಳ್ಳಿ ನೀರಿಲ್ದ ಬದುಕಂಗಿಲ್ಲ. ಸಿಕ್ಕಾಗ ಕುಡ್ದು ಇಟ್ಕಂತತಿ. ಹೌದಲ್ರಿ?”

“ಹೌದು. ಅದ ಮುಖ್ಯ.”

ಆ ವಾಕ್ಯ ಪುಸ್ತಿಕೆಯಲ್ಲಿ ಇರಲಿಲ್ಲ. ಆದ್ದರಿಂದ ಮುಂದೆ ನಡೆದ ಯಾವ ಸಭೆಯಲ್ಲೂ ಅದು ಚರ್ಚೆಗೆ ಬರಲಿಲ್ಲ.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಅಂಜಿನಯ್ಯ ಮೊದಲು ಮೆಣಸಿನಕಾಯಿ ಬೆಳೆಗಾರ. ಈಗ ಟ್ಯಾಂಕರ್ ಮಾಲೀಕ. ಧೂಳು ಏಳದಂತೆ ಅದಿರು ರಸ್ತೆಗೆ ನೀರು ಹೊಡೆಯುವ ಗುತ್ತಿಗೆ ಅವರದು. ಬೆಳಿಗ್ಗೆ ನೀರು ಹೊಡೆದರೆ ಮಧ್ಯಾಹ್ನದ ಒಳಗೆ ಲಾರಿಗಳು ಅದನ್ನು ಒಣಗಿಸುತ್ತಿದ್ದವು. ಮತ್ತೆ ಹೊಡೆಯಬೇಕು. ಇದಕ್ಕಿಂತ ಭದ್ರವಾದ ಉದ್ಯೋಗವನ್ನು ಭೂಮಿ ಎಂದೂ ಕೊಟ್ಟಿರಲಿಲ್ಲ. ಆದರೆ ಅವರ ಬೋರು ಆ ಬೇಸಿಗೆಯಲ್ಲಿ ಬತ್ತಿತ್ತು. ಸಮಿತಿಯ ಸಭೆಯಲ್ಲಿ ಅವರು ಯೋಜನೆಯ ಷರತ್ತುಗಳನ್ನು ಗಟ್ಟಿಯಾಗಿ ಓದಿಸಿಕೊಂಡರು.

“ಮಾಸ್ತರ, ಶಾಲಿ ಮರುಭೂಮಿಯಾಗ ಐತಿ ಅಂತ ಬರಕೊಟ್ಟೀರಿ. ಒಳಗ ಬೋರು ಇಟ್ಕಂಡು ಕುಂತೀರಿ. ನಾಳಿ ಯಾರರ ಬಂದು ಕೇಳಿದ್ರ?”

ಮರುಳಸಿದ್ದಪ್ಪನವರ ಕೈ ಜೇಬಿನ ಕರವಸ್ತ್ರಕ್ಕೆ ಹೋಯಿತು. “ಏನ್ ಮಾಡೂನ್ರಿ ಹಂಗಾದ್ರ?”

“ನಾನಿಲ್ಲೇನ್ರಿ? ಊರಿನ ಶಾಲಿ. ಬೋರಿನ ಪಾಪ ನಾನ್ ಹೊತ್ಕಂತೀನಿ. ಟ್ಯಾಂಕರ್‌ನಾಗ ಹೊತ್ಕಂತೀನಿ.”

“ಮಕ್ಕಳು ಏನು ಕುಡೀಬೇಕ್ರಿ?” ಎಂದರು ತ್ರಿವೇಣಿ.

ಸಿದ್ದಲಿಂಗೇಶ್ ನಕ್ಕರು. “ಮೇಡಂ, ಪಾಠ ಮಾಡೋರು ನೀವ. ಕಳ್ಳಿ ದಿನಾ ನೀರು ಕೇಳ್ತತೇನ್ರಿ?”

“ಮಕ್ಕಳು ಕಳ್ಳಿಯಿಂದ ಕಲೀಬೇಕ್ರಿ. ಕಳ್ಳಿ ಆಗಬೇಕು ಅಂತಿಲ್ಲ.”

“ಅನುಕರಣಿ ಅಂತ ಪುಸ್ತಕದಾಗ ಐತ್ರಿ,” ಎಂದು ಮರುಳಸಿದ್ದಪ್ಪ ಮೆಲ್ಲಗೆ ಹೇಳಿ, ಶಾಲೆಯ ಶಿಸ್ತಿಗೆ ಭಂಗ ಬಾರದಂತೆ ಚರ್ಚೆಯನ್ನು ಮುಗಿಸಿದರು. ಮರುದಿನ ಮೋಟರಿನ ಕೊಳವೆ ಶಾಲೆಯ ತೊಟ್ಟಿಯನ್ನು ಬಿಟ್ಟು ರಸ್ತೆಯ ಕಡೆ ತಿರುಗಿತು. ಫಲಕದ ಮೇಲೆ ಈ ಪ್ರಕಟಣೆ ಬಂತು:

‘ಈ ಮೂಲಕ ಸಮಸ್ತ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ, ಜೀವಾನುಕರಣೆಯ ಪ್ರಾಯೋಗಿಕ ಹಂತವು ಇಂದಿನಿಂದ ಜಾರಿಗೆ ಬಂದಿದೆ. ಮರುಭೂಮಿಯ ಕಳ್ಳಿಯು ಹಗಲಿನಲ್ಲಿ ತನ್ನ ರಂಧ್ರಗಳನ್ನು ಮುಚ್ಚಿಕೊಂಡಿರುವುದರಿಂದ ವಿದ್ಯಾರ್ಥಿಗಳು ಶಾಲಾ ಅವಧಿಯಲ್ಲಿ ಅನಗತ್ಯವಾಗಿ ಬಾಯಿ ತೆರೆಯತಕ್ಕದ್ದಲ್ಲ. ಪ್ರಾರ್ಥನೆಯಲ್ಲಿ ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುವಂತೆ ಏಣಿನ ಆಕಾರದಲ್ಲಿ ನಿಲ್ಲತಕ್ಕದ್ದು. ಕೊನೆಯ ಸಾಲಿನವರ ನೆರಳನ್ನು ಕಾಂಪೌಂಡಿಗೆ ನೀಡಲಾಗುವುದು. ಆಟದ ಅವಧಿಯಲ್ಲಿ ಕಬಡ್ಡಿಯನ್ನು ಕುಳಿತು ಆಡತಕ್ಕದ್ದು. ಬೆವರುವವರ ಅಂಕಗಳನ್ನು ಕಡಿತಗೊಳಿಸಲಾಗುವುದು.’

ಮಕ್ಕಳು ಪಾಲಿಸಿದರು. ಕುಳಿತು ಆಡುವ ಕಬಡ್ಡಿಯಲ್ಲಿ ಯಾರೂ ಔಟಾಗದೆ ಒಂದು ಪಂದ್ಯ ಇಡೀ ಶ್ರಾವಣ ನಡೆಯಿತು. ಹುಡುಗಿಯರಲ್ಲಿ ಕೆಲವರು ಮಧ್ಯಾಹ್ನವೇ ಮನೆಗೆ ಹೋಗತೊಡಗಿದರು. ಶೌಚಾಲಯಕ್ಕೂ ನೀರಿಲ್ಲ ಎಂಬ ಕಾರಣವನ್ನು ಅವರು ಹೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಅಂಕಣವೂ ಇರಲಿಲ್ಲ.

ಬಿಸಿಯೂಟದ ಸಂಗಮ್ಮ ಮಾತ್ರ ಮುಖ್ಯೋಪಾಧ್ಯಾಯರ ಕೋಣೆಗೆ ಅಕ್ಕಿಯ ಪಾತ್ರೆಯ ಸಮೇತ ಬಂದಳು.

“ಸರ, ಇದಕ್ಕೊಂದೀಟು ಪಾಠ ಮಾಡ್ರಿ.”

“ಯಾರಿಗೆ?”

“ಅಕ್ಕಿಗ್ರಿ. ನೀರಿಲ್ದ ಬೇಯ್ಬೇಕಂತಲ್ಲ. ನಾನ್ ಹೇಳಿದ್ರ ಕೇಳವಲ್ದು. ನೀವು ಓದಿದೋರು, ನೀವ ಹೇಳ್ರಿ.”

“ಸಂಗಮ್ಮ, ಮಂಡಕ್ಕಿ ಕೊಡು ಸದ್ಯಕ್ಕ.”

“ಒಗ್ಗರಣಿ ಹಾಕ್ಬೇಕಂದ್ರೂ ಮಂಡಕ್ಕಿ ನೆನೀಬೇಕಲ್ರಿ.”

“ನೆನೀದಂಗ ಕೊಡು.”

“ಹಂಗ ಒಣಾ ಮಂಡಕ್ಕಿ ತಿಂದ ಹುಡುಗ್ರು ಬಾಯಾಗ ಇಟ್ಕಂಡು ಕುಂತಾವ್ರಿ. ನುಂಗಾಕ ಆಗವಲ್ದು, ಉಗುಳಾಕ ಆಗವಲ್ದು. ಶಾಲಿ ಭಾಳ ಶಾಂತ ಐತಿ ಬಿಡ್ರಿ.”

ಶಾಲೆಯ ಶಾಂತಿಯನ್ನು ಮೊದಲು ಗುರುತಿಸಿದವರು ಮೌಲ್ಯಮಾಪನಕ್ಕೆ ಬಂದ ತಜ್ಞ ಡಾ. ಬಸವಕುಮಾರ್. ಕಂಪನಿಯ ಖರ್ಚಿನಲ್ಲಿ ಹಂಪಿ ನೋಡಲು ಬಂದಿದ್ದ ಅವರು ದಾರಿಯಲ್ಲಿ ಶಾಲೆಯನ್ನೂ ನೋಡಿದರು. ಕೈಯಲ್ಲಿ ಮಿನರಲ್ ವಾಟರ್ ಬಾಟಲಿ ಇತ್ತು. ಮಕ್ಕಳ ಕಣ್ಣು ಬಾಟಲಿಯ ಜೊತೆಗೇ ಚಲಿಸುವುದನ್ನು ಕಂಡು ‘ಏಕಾಗ್ರತೆ ಅಸಾಧಾರಣ’ ಎಂದು ಬರೆದುಕೊಂಡರು.

“ಹೇಳಮ್ಮ, ಕಳ್ಳಿಗೆ ಮುಳ್ಳು ಯಾಕಿದೆ?” ಎಂದು ಭವ್ಯಳನ್ನು ಕೇಳಿದರು.

“ಅದು ಕೂಡಿಟ್ಟ ನೀರನ್ನ ಬ್ಯಾರೇರು ಬಂದು ಕುಡ್ದು ಹೋಗಬಾರ್ದಂತ ಸರ. ನಮ್ಮ ಬೋರಿಗೂ ಒಂದೀಟು ಮುಳ್ಳು ಇರಬೇಕಿತ್ತು ಸರ.”

ತ್ರಿವೇಣಿ ಕಿಟಕಿಯ ಕಡೆ ತಿರುಗಿದರು. ಅಂಜಿನಯ್ಯ ಮೀಸೆ ಸವರಿಕೊಂಡರು. ಬಸವಕುಮಾರ್ ಚಪ್ಪಾಳೆ ತಟ್ಟಿದರು. ಇಡೀ ತಾಲ್ಲೂಕಿನಲ್ಲಿ ಸಸ್ಯವೊಂದರಿಂದ ನೇರವಾಗಿ ವಿನ್ಯಾಸ ಸೂಚಿಸಿದ ಮೊದಲ ವಿದ್ಯಾರ್ಥಿನಿ ಇವಳು ಎಂದರು.

ಹದಿನೈದು ದಿನಗಳಲ್ಲಿ ಬೋರ್‌ವೆಲ್ ಸುತ್ತ ಮುಳ್ಳುತಂತಿಯ ಬೇಲಿ ಬಂತು. ಟ್ಯಾಂಕರಿನ ಕೊಳವೆಗೆ ರಸ್ತೆಯ ಬದಿಗೆ ಒಂದು ಗೇಟು. ಶಾಲೆಯ ಬದಿಗೆ ಮುಳ್ಳು. ಅದರ ಮೇಲೆ ಫಲಕ: ‘ವಿನ್ಯಾಸ: ಕುಮಾರಿ ಭವ್ಯ, ತಂದೆ ಕಾಳಪ್ಪ, ೯ನೇ ತರಗತಿ’. ಬಸಕ್ಕ ಕೆಲಸದಿಂದ ಬರುವಾಗ ಅದನ್ನು ಯಾರಿಂದಲೋ ಓದಿಸಿಕೊಂಡಳು.

“ಏನಲೇ, ನಿನ್ನ ಹೆಸರು ಬರ್ದು ನೀರಿಗೆ ಬೇಲಿ ಹಾಕ್ಯಾರಲ್ಲ. ನಾನ್ ಮಕ ತೊಳಿಯಾಕ ನಿನ್ನ ಪರ್ಮಿಶನ್ ತಗಬೇಕೇನು?”

“ನಾನ್ ಹೇಳಿದ್ದು ಬ್ಯಾರೇನಬೇ.”

“ಹೇಳಿದ್ದು ಬ್ಯಾರೆ, ಆಗೋದು ಬ್ಯಾರೆ. ಅದು ಗೊತ್ತಾಗಾಕ ಇಷ್ಟು ಓದ್ಬೇಕಿತ್ತ?” ಎಂದು ಬಸಕ್ಕ ಸೆರಗಿನ ಒಣ ಭಾಗ ಹುಡುಕಿ ಮುಖ ಒರೆಸಿಕೊಂಡಳು. ಕೆಂಪು ಧೂಳು ಸೆರಗಿನಿಂದ ಮುಖಕ್ಕೆ ಹೋಯಿತೋ, ಮುಖದಿಂದ ಸೆರಗಿಗೆ ಬಂತೋ ಹೇಳುವುದು ಕಷ್ಟ.

ಬೇಲಿಗೆ ಉದ್ಘಾಟನೆ ಏರ್ಪಾಡಾಯಿತು. ಜಂಬಯ್ಯನಹಳ್ಳಿಯಲ್ಲಿ ಉದ್ಘಾಟನೆಗೆ ದೀಪ ಹಚ್ಚುವ ಪದ್ಧತಿ ನಿಂತುಹೋಗಿದೆ. ಲಾರಿಗಳ ಗಾಳಿಗೆ ದೀಪ ನಿಲ್ಲುವುದಿಲ್ಲ. ಆರಿದರೆ ಗಣ್ಯರಿಗೆ ಅಪಶಕುನ. ಆದ್ದರಿಂದ ಕುಂಡದಲ್ಲಿರುವ ಗಿಡಕ್ಕೆ ನೀರೆರೆದು ಉದ್ಘಾಟಿಸುವುದು ವಾಡಿಕೆ. ಶಾಲೆಯಲ್ಲಿ ಕುಂಡದಲ್ಲಿದ್ದ ಗಿಡ ಒಂದೇ. ಹೀಗಾಗಿ ನೀರಿಲ್ಲದೆ ಬದುಕುವುದನ್ನು ಮಕ್ಕಳಿಗೆ ಕಲಿಸುತ್ತಿದ್ದ ಗುರುವಿನ ತಲೆಯ ಮೇಲೆ ತಾಲ್ಲೂಕು ಪಂಚಾಯಿತಿಯ ಒಬ್ಬ ಸದಸ್ಯರು ಒಂದು ತಂಬಿಗೆ ನೀರು ಸುರಿದರು. ಜಿಲ್ಲೆಯ ಮಟ್ಟದ ಇನ್ನೊಬ್ಬರು, ತಾವು ಅವರಿಗಿಂತ ಮೇಲಿನವರಾದ್ದರಿಂದ, ಎರಡು ತಂಬಿಗೆ ಸುರಿದರು. ನೀರು ಅಂಜಿನಯ್ಯನ ಟ್ಯಾಂಕರಿನಿಂದ ಬಂದಿತ್ತು. ಕುಂಡ ತುಂಬಿ ಉಕ್ಕಿ ವೇದಿಕೆಯ ಮೇಲೆ ಹರಿದು ನೆಲಕ್ಕೆ ಬಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಕ್ಕಳು ಭಾಷಣ ಕೇಳದೆ ಅದನ್ನೇ ನೋಡಿದರು.

ಮರುದಿನ ಭವ್ಯ ತ್ರಿವೇಣಿಯವರ ಹತ್ತಿರ ಬಂದಳು.

“ಟೀಚರ್, ಏಣಿನ ಪಾಠ ಹೆಡ್‌ಮಾಸ್ಟರು ಮಾಡಿದ್ರು. ಮುಳ್ಳಿಂದು ಕಂಪನಿಯೋರು ಮಾಡಿದ್ರು. ಬೇರಿಂದು ಯಾರೂ ಮಾಡಿಲ್ರಿ.”

ತ್ರಿವೇಣಿ ಅವಳನ್ನೇ ನೋಡಿದರು. “ಮಳಿ ಎಲ್ಲಿಂದ ತರ್ತಿ?”

“ದೊಡ್ಡ ಮಂದಿನ್ನ ಕರಿಯೋದ್ರಿ.”

ಶಾಲೆಯ ಹಿಂದೆ ಬಿದ್ದಿದ್ದ ಒಡೆದ ಪ್ಲಾಸ್ಟಿಕ್ ಪೈಪುಗಳನ್ನು ಮಕ್ಕಳು ಉದ್ದಕ್ಕೆ ಸೀಳಿದರು. ವೇದಿಕೆಯ ಸುತ್ತ, ನೆಲದ ಮಟ್ಟದಲ್ಲಿ, ಎಲ್ಲ ದಿಕ್ಕಿಗೂ ಬೇರಿನಂತೆ ಹರಡಿದರು. ಎಲ್ಲವೂ ಒಂದು ಕಡೆ ಕೂಡಿ, ಮರಳು ಮತ್ತು ಬಟ್ಟೆಯ ಮೂಲಕ ಸೋಸಿ, ಹೂಳಿದ ಡ್ರಮ್ಮಿಗೆ ಬೀಳುವಂತೆ ಮಾಡಿದರು. ಯೋಜನೆಯ ಹೆಸರು ‘ಆಳವಿಲ್ಲದ ಬೇರು’. ಪುಸ್ತಿಕೆಯ ಕೊನೆಯಲ್ಲಿ ಒಂದು ಮಾದರಿ ತಯಾರಿಸಬೇಕೆಂಬ ಸೂಚನೆ ಇದ್ದುದರಿಂದ ಸಿದ್ದಲಿಂಗೇಶ್ ಫೋಟೋ ತೆಗೆದುಕೊಂಡು ಒಪ್ಪಿಗೆ ಕೊಟ್ಟರು. ಇದರಿಂದ ನೀರು ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ನಂತರ ಶಾಲೆಯಲ್ಲಿ ಉದ್ಘಾಟನೆಗಳು ಹೆಚ್ಚಿದವು. ಮರುಳಸಿದ್ದಪ್ಪ ಮೊದಲು ಹೆದರಿದರು, ನಂತರ ಆಮಂತ್ರಣ ಪತ್ರಿಕೆಗೆ ಸಹಿ ಮಾಡಿದರು. ಗಣಿತ ಸಂಘ ಉದ್ಘಾಟನೆಯಾಯಿತು. ಕಪ್ಪು ಹಲಗೆ ಉದ್ಘಾಟನೆಯಾಯಿತು. ಹಲಗೆಯ ಇನ್ನೊಂದು ಬದಿಗೆ ಪ್ರತ್ಯೇಕ ಸಮಾರಂಭ ನಡೆಯಿತು. ಚುನಾವಣೆಗೆ ಟಿಕೆಟ್ಟು ಬಯಸುವವರು ಈ ಭಾಗದಲ್ಲಿ ಆಗ ಲಾರಿಗಳಷ್ಟೇ ಸಂಖ್ಯೆಯಲ್ಲಿದ್ದರು. ಕರೆದರೆ ಯಾರೂ ಬರುವುದಿಲ್ಲ ಎನ್ನುತ್ತಿರಲಿಲ್ಲ. ಪಂಚಾಯಿತಿಯ ಸದಸ್ಯರಿಗಿಂತ ಉಪಾಧ್ಯಕ್ಷರು, ಉಪಾಧ್ಯಕ್ಷರಿಗಿಂತ ಅಧ್ಯಕ್ಷರು ಹೆಚ್ಚು ಸುರಿಯಬೇಕೆಂಬುದು ತಾನಾಗಿಯೇ ನಿಯಮವಾಯಿತು. ಒಮ್ಮೆ ಒಬ್ಬ ಸದಸ್ಯರು ಮರೆತು ಅಧ್ಯಕ್ಷರಷ್ಟೇ ಸುರಿದುಬಿಟ್ಟರು. ಅಧ್ಯಕ್ಷರು ಮೈಕು ಬಿಟ್ಟು ಬಂದು ಇನ್ನೊಂದು ಕೊಡ ಸುರಿದ ಮೇಲೆಯೇ ಸಭೆ ಮುಂದುವರಿಯಿತು. ಆ ದಿನ ಶೌಚಾಲಯಕ್ಕೂ ನೀರು ಬಂತು. ಹುಡುಗಿಯರು ಸಂಜೆಯವರೆಗೂ ಶಾಲೆಯಲ್ಲೇ ಉಳಿದರು. ಬಸಕ್ಕ ರಾತ್ರಿಯಾಗುವುದರೊಳಗೆ ಬಸಕ್ಕನಾದಳು.

ಈಗ ನೀರು ನೆಲದಿಂದ ಬೇಲಿಯೊಳಗಿನ ಬೋರಿಗೆ, ಬೋರಿನಿಂದ ಟ್ಯಾಂಕರಿಗೆ, ಟ್ಯಾಂಕರಿನಿಂದ ಕೊಡಕ್ಕೆ, ಕೊಡದಿಂದ ಗಣ್ಯರ ಕೈಗೆ, ಅವರ ಕೈಯಿಂದ ಕಳ್ಳಿಗೆ, ಕಳ್ಳಿಯಿಂದ ಪೈಪಿಗೆ, ಪೈಪಿನಿಂದ ಮಕ್ಕಳಿಗೆ ತಲುಪುತ್ತಿತ್ತು. ಮೊದಲು ನಲ್ಲಿಯಿಂದ ಬರುತ್ತಿತ್ತು. ಆ ವ್ಯವಸ್ಥೆಯಲ್ಲಿ ಯಾರ ಪಾತ್ರವೂ ಇರಲಿಲ್ಲ.

ಅಂಜಿನಯ್ಯ ಒಮ್ಮೆ ಅನುಮಾನಪಟ್ಟರು. “ಏನ್ ಮಾಸ್ತರ, ದಿನಾ ಕಾರ್ಯಕ್ರಮ ಮಾಡ್ತೀರಲ್ಲ. ನನ್ನ ಟ್ಯಾಂಕರ್ ಖಾಲಿ ಆಗಾಕತ್ತೈತಿ.”

“ನಾಳಿ ನಿಮಗ ಸನ್ಮಾನ ಐತಲ್ರಿ,” ಎಂದರು ಮರುಳಸಿದ್ದಪ್ಪ. ವೃತ್ತಿಜೀವನದಲ್ಲಿ ಅವರು ಹೆದರದೆ ಆಡಿದ ಮೊದಲ ಮಾತು ಇದು.

“ಹೌದ?” ಅಂಜಿನಯ್ಯ ಶಲ್ಯ ಸರಿಮಾಡಿಕೊಂಡರು. “ನಾನ್ ಎಷ್ಟು ಹಾಕ್ಬೇಕು?”

“ಅಧ್ಯಕ್ಷರು ನೀವು. ನಿಮಗ ನಾವು ಹೇಳಾಕಾಗತೇನ್ರಿ?”

ಅವರು ಟ್ಯಾಂಕರಿನ ಪೈಪನ್ನೇ ಕೈಯಲ್ಲಿ ಹಿಡಿದು ಉದ್ಘಾಟಿಸಿದರು. ಆ ಪ್ರವಾಹಕ್ಕೆ ಕಳ್ಳಿ ಬುಡದಿಂದ ಕಳಚಿ ಬಿತ್ತು. ಅದಕ್ಕೂ ಮೊದಲೇ ಅದು ಒಳಗೆ ಕೊಳೆತುಹೋಗಿತ್ತು. ತ್ರಿವೇಣಿ ಬುಡವನ್ನು ಕತ್ತರಿಸಿ ಮಕ್ಕಳಿಗೆ ತೋರಿಸಿ, ಅತಿಯಾದ ನೀರಿನಿಂದ ಮರಣ ಎಂದರು. ಮರುಭೂಮಿಯ ಶಾಲೆಯಲ್ಲಿ ಈ ಕಾರಣ ಬರೆಯುವಂತಿರಲಿಲ್ಲವಾದ್ದರಿಂದ ದಾಖಲೆಯಲ್ಲಿ ‘ಗುರುಗಳು ಸೇವೆಯಿಂದ ವಯೋನಿವೃತ್ತಿ’ ಎಂದು ನಮೂದಿಸಲಾಯಿತು.

ಹೊಸ ಗುರುವಿನ ಆಯ್ಕೆಗೆ ಸಭೆ ಸೇರಿತು. ಪ್ಲಾಸ್ಟಿಕ್ ಕಳ್ಳಿ ತರಬಹುದು ಎಂದು ವಿದ್ಯಾರ್ಥಿಗಳ ಪ್ರತಿನಿಧಿಯಾಗಿದ್ದ ಭವ್ಯ ಸೂಚಿಸಿದಳು.

“ಅದಕ್ಕ ಮಣ್ಣೂ ಬ್ಯಾಡ ಸರ. ಎಷ್ಟರ ಹಾಕ್ರಿ, ಕೊಳಿಯಂಗಿಲ್ಲ. ನೀರೂ ಸ್ವಚ್ಛ ಬೀಳ್ತತಿ.”

ನೀರು ಬೀಳುವುದೆಲ್ಲಿಗೆ ಎಂದು ಸಿದ್ದಲಿಂಗೇಶ್ ಆಗಲೂ ಕೇಳಲಿಲ್ಲ. ನೀರೇ ಬೇಡದ ಸಸ್ಯ ಎಂಬ ಪಾಠಕ್ಕೆ ಇದು ಹೆಚ್ಚು ಸೂಕ್ತವೆಂದು ಅವರು ಮೆಚ್ಚಿದರು. ಇದಕ್ಕೆ ರಸೀದಿಯೂ ಇತ್ತು. ಬಸವಕುಮಾರ್ ಹಂಪಿಯನ್ನು ಎರಡನೇ ಸಲ ನೋಡಲು ಬಂದಾಗ ಶಾಲೆಯ ಮಕ್ಕಳು ಬಾಟಲಿಯ ಕಡೆ ನೋಡಲಿಲ್ಲ. ನಲ್ಲಿಯಲ್ಲಿ ನೀರಿಲ್ಲದ ಶಾಲೆಯಲ್ಲಿ ಯಾರಿಗೂ ಬಾಯಾರಿಕೆ ಇಲ್ಲದ್ದನ್ನು ಕಣ್ಣಾರೆ ಕಂಡು, ಜಂಬಯ್ಯನಹಳ್ಳಿಯನ್ನು ಪ್ರಥಮ ಬಾಯಾರಿಕೆಮುಕ್ತ ಪ್ರೌಢಶಾಲೆ ಎಂದು ಘೋಷಿಸಿದರು. ಘೋಷಣೆಗೂ ನೀರೆರೆಯಲಾಯಿತು.

ಈಗ ಸುತ್ತಲಿನ ಹಲವು ಊರುಗಳು ಮರುಭೂಮಿಗಾಗಿ ಅರ್ಜಿ ಹಾಕಿವೆ. ಕಂಪ್ಲಿ ಕಡೆಯ ಒಂದು ಊರಿನ ಅರ್ಜಿ ಮಾತ್ರ ಬಾಕಿ ಇದೆ. ಅದರ ಸುತ್ತ ಭತ್ತದ ಗದ್ದೆಗಳಿವೆ, ಪಕ್ಕದಲ್ಲಿ ಕಾಲುವೆ ಹರಿಯುತ್ತದೆ. ಕಾಲುವೆಯನ್ನು ಮರೀಚಿಕೆ ಎಂದು ದಾಖಲಿಸಬಹುದೇ ಎಂಬ ಬಗ್ಗೆ ಮೇಲಿನವರ ಅಭಿಪ್ರಾಯ ಕೇಳಲಾಗಿದೆ. ಅನುಕೂಲಕರ ಉತ್ತರ ಬರುವ ನಿರೀಕ್ಷೆ ಇದೆ.

ಜಂಬಯ್ಯನಹಳ್ಳಿಯಲ್ಲಿ ಮೊದಲ ಅವಧಿ ಉದ್ಘಾಟನೆ, ಎರಡನೆಯದು ಗಣಿತ. ಸಂಗಮ್ಮ ಬೆಳಿಗ್ಗೆ ಅಡುಗೆಮನೆಯ ಬೀಗ ತೆಗೆಯುವ ಮೊದಲು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಾಳೆ.

“ಸರ, ಇವತ್ತು ಯಾರು ಬರ್ತಾರ್ರಿ?”

“ಉಪಾಧ್ಯಕ್ಷರು.”

“ಅಷ್ಟ ಏನ್ರಿ?” ಸಂಗಮ್ಮ ಬೇಳೆಯ ಡಬ್ಬಿಯನ್ನು ಮತ್ತೆ ಕಪಾಟಿಗೆ ಇಡುತ್ತಾಳೆ. “ಹಂಗಾದ್ರ ಸಾರು ಆಗಂಗಿಲ್ಲ. ಬರೇ ಅನ್ನ.”